ವಿಚಾರಸಂಕಿರಣದಲ್ಲಿ ಎದ್ದು ನಿಂತ ಮೇಡಂ

ಕಳೆದ ವಾರ ಠಾಣೆಯ ಮಾಜಿವಾಡಾದ ಅಂಗಡಿಯೊಂದರಲ್ಲಿ ಮಗಳಿಗೆ ಶಾಲೆಯ ಚೀಲ ಕೊಳ್ಳುತ್ತಿದ್ದೆ. ಜಿಪ್ ಎಳೆದು ಒಳಗೆ ಇಣುಕಿದಾಗ ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಮಗಳು ಬಣ್ಣದ ಬಗ್ಗೆ ಮರಾಠಿಯಲ್ಲಿ ಏನೋ ತಕರಾರು ತೆಗೆದಿದ್ದಳು. ನನ್ನ ಗಮನ ಅತ್ತ ಹೋಗಲಿಲ್ಲ. ಹಿಂದೆ ನಾವು ಹೋಗುತ್ತಿದ್ದ ವಿಚಾರಸಂಕಿರಣಗಳಲ್ಲಿ ಇದೇ ವಾಸನೆಯ ಚೀಲ ಕೊಡುತ್ತಿದ್ದರು. ಅದರೊಂದಿಗೆ ಮೇಡಂ ನೆನಪಾದರು... ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ಮೇಡಂ ಕಲ್ಯಾಣದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ನಾನು ಅದೇ ವಿಭಾಗಕ್ಕೆ ಹೊಸದಾಗಿ ಸೇರಿದ ಉಪನ್ಯಾಸಕಿ. ಮೇಡಂ ಮೈಸೂರಿನವರು, ಮದುವೆಯಾಗಿ ಡೊಂಬಿವಲಿಗೆ ಬಂದವರು. ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಟ್ಟಿಗೆ ಹೊರಡುತ್ತಿದ್ದೆವು. ಅವರು ಡೊಂಬಿವಲಿಯಲ್ಲಿ ಇಳಿದರೆ ನಾನು ಠಾಣೆಯವರೆಗೆ. "ನೀವು ಉಡುಪಿಯವರು ಸಾಂಬಾರಿಗೂ ಬೆಲ್ಲ, ಮಾತಿಗೂ ಬೆಲ್ಲ. ಒಂದು ಸಲನಾದ್ರೂ ಖಾರವಾಗಿ ಮಾತಾಡೇ!" ಎಂದು ನನ್ನನ್ನು ರೇಗಿಸುತ್ತಿದ್ದರು. ಅವರ ಮಾತಿನ ಖಾರ ಇಡೀ ಸ್ಟಾಫ್ ರೂಮಿಗೆ ಗೊತ್ತಿತ್ತು.

ಇರಾಕಿನ ಮೇಲೆ ಆಕ್ರಮಣ ನಡೆದು ಆಗ ಐದಾರು ವರ್ಷ ಕಳೆದಿತ್ತು. ಸೇನೆ ಇನ್ನೂ ಅಲ್ಲೇ ಇತ್ತು, ಜನ ಇನ್ನೂ ಸಾಯುತ್ತಿದ್ದರು. ನಮ್ಮ ಕಡೆಯ ಕನ್ನಡ ಸಂಘವೊಂದು ಈ ಯುದ್ಧದ ಬಗ್ಗೆಯೇ ವರ್ತಕ ನಗರದ ಸಭಾಂಗಣದಲ್ಲಿ ಒಂದು ದಿನದ ವಿಚಾರಸಂಕಿರಣ ಇಟ್ಟುಕೊಂಡಿತು. ಟಿವಿ ಚರ್ಚೆಗಳಲ್ಲಿ ಕಾಣಿಸಿಕೊಳ್ಳುವ ಹಿರಿಯ ಪ್ರಾಧ್ಯಾಪಕರೊಬ್ಬರು ಮುಖ್ಯ ಭಾಷಣಕ್ಕೆ ಬರುವವರಿದ್ದರು.

ಆ ದಿನ ನನ್ನ ಮತ್ತು ಮೇಡಂ ಜೊತೆ ಅಂಬರನಾಥದಿಂದ ಅಕ್ಕನೂ ಬಂದಿದ್ದಳು. ಸ್ವಂತ ಅಕ್ಕನಲ್ಲ, ಅಪ್ಪನ ಹೋಟೆಲಿನಲ್ಲಿ ಬಹಳ ಕಾಲ ಅಡುಗೆ ಮಾಡಿದ್ದ ಭಟ್ಟರ ಹೆಂಡತಿ. ಭಟ್ಟರಿಗೆ ಪರದೇಶದಲ್ಲಿ ಕೆಲಸ ಕೊಡಿಸುವ ಒಬ್ಬ ಏಜೆಂಟ್ ಗಂಟು ಬಿದ್ದಿದ್ದ. ಹೇಳುವುದು ಕುವೈತ್ ಎಂದು, ಅಲ್ಲಿಂದ ಗಡಿ ದಾಟಿಸಿ ಕರೆದೊಯ್ಯುವುದು ಇರಾಕಿನ ಸೈನಿಕ ಶಿಬಿರದ ಅಡುಗೆಮನೆಗೆ. ಸಂಬಳದ ಆಸೆಗೆ ಭಟ್ಟರು ಅರ್ಧ ಒಪ್ಪಿದ್ದರು. ನಮ್ಮವರಲ್ಲಿ ಒಂದು ರೂಢಿ: ಪರದೇಶಕ್ಕೆ ಹೊರಡುವ ಮೊದಲು ಓದಿದವರೊಬ್ಬರ ಬಾಯಿಂದ 'ಹೋಗಬಹುದು' ಎಂದು ಕೇಳಬೇಕು. ಅಕ್ಕ ನನ್ನ ಮೂಲಕ ಮೊದಲೇ ಮೇಡಂ ಹತ್ತಿರ ಕೇಳಿದ್ದಳು. ಮೇಡಂ ಖಡಾಖಂಡಿತವಾಗಿ ಬೇಡ ಎಂದಿದ್ದರು. ಆದರೂ ಟಿವಿಯಲ್ಲಿ ಬರುವವರ ಬಾಯಿಂದ ಕೇಳಿದರೆ ಸಮಾಧಾನ ಎಂದು ಬಂದಿದ್ದಳು.

ಸಂಘದವರು ಪ್ರಾಧ್ಯಾಪಕರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಭಾಷಣ ಶುರುವಾಯಿತು. ಪ್ರಧಾನ ಸೇನಾ ಕಾರ್ಯಾಚರಣೆ ಎಂದೋ ಮುಗಿದಿದೆಯಂತೆ. ಈಗ ನಡೆಯುತ್ತಿರುವುದು ಸಂಘರ್ಷೋತ್ತರ ಹಂತವಂತೆ. ಅದನ್ನು ಮೂರು ದೃಷ್ಟಿಕೋನಗಳಿಂದ ನೋಡಬಹುದಂತೆ... ಸತ್ತವರು ಯಾವ ದೃಷ್ಟಿಕೋನಕ್ಕೂ ಸಿಗಲಿಲ್ಲ. ಪಕ್ಕದಲ್ಲಿ ಕೂತ ಮೇಡಂ ಹಲ್ಲು ಕಡಿಯುತ್ತಿದ್ದರು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಗಂಡನನ್ನು ಅಲ್ಲಿಗೆ ಕಳಿಸಬಹುದೇ ಎಂದು ಅಕ್ಕ ಬರೆದಳು. ಅಧ್ಯಕ್ಷರು ಅದನ್ನು ಓದಿ, ವೈಯಕ್ತಿಕ ಪ್ರಶ್ನೆಗಳಿಗೆ ಇಲ್ಲಿ ಅವಕಾಶವಿಲ್ಲ ಎಂದು ಪಕ್ಕಕ್ಕಿಟ್ಟರು. ಮೇಡಂ ದಢಕ್ಕನೆ ಎದ್ದು ನಿಂತರು.

"ಸರ್, ಇದಕ್ಕಿಂತ ದೊಡ್ಡ ಪ್ರಶ್ನೆ ಇವತ್ತು ಇಲ್ಲಿ ಯಾರೂ ಕೇಳಿಲ್ಲ. ಈಯಮ್ಮನ ಯಜಮಾನ್ರು ಅಲ್ಲಿಗೆ ಅಡುಗೆ ಮಾಡೋಕೆ ಹೋಗ್ಬೋದಾ, ಬೇಡ್ವಾ? ಅಷ್ಟು ಹೇಳಿ ಸಾಕು."

ಪ್ರಾಧ್ಯಾಪಕರು ಮುಗುಳ್ನಕ್ಕರು. "ನೋಡಿ ಮೇಡಂ, ಯುದ್ಧ ಅನ್ನೋದನ್ನ ನಾವು ಹೇಗೆ ವ್ಯಾಖ್ಯಾನಿಸ್ತೀವಿ ಅನ್ನೋದರ ಮೇಲೆ ಅದು ನಿಂತಿದೆ. ನಾನು ವಿದ್ವಾಂಸ, ಜ್ಯೋತಿಷಿ ಅಲ್ಲ." ಸಭೆ ನಕ್ಕಿತು. ಚಪ್ಪಾಳೆಯೂ ಬಿತ್ತು.

"ಹಾಗಾದ್ರೆ ನಾನು ಹೇಳ್ತೀನಿ," ಎಂದು ಮೇಡಂ ಅಕ್ಕನ ಕಡೆ ತಿರುಗಿದರು. "ಕಳಿಸಬೇಡಿ ಕಣಮ್ಮಾ. ಅಲ್ಲಿ ಯುದ್ಧ ನಡೀತಾನೇ ಇದೆ."

ಊಟದ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಮೇಡಂ ಮಾತೇ. ಶಿಸ್ತು ಗೊತ್ತಿಲ್ಲದವರು, ಭಾವುಕರು, ಅತಿಥಿಗಳಿಗೆ ಅವಮಾನ ಮಾಡಿದರು... ಅಕ್ಕನಿಗೆ ಪಾಪ, ಬೇರೆಯೇ ಲೆಕ್ಕಾಚಾರ. "ಅವ್ರು ಅಷ್ಟು ಓದಿದವ್ರು. ಬೇಡ ಅಂತ ಹೇಳ್ಲೇ ಇಲ್ಲ ಅಲ್ವಾ ಟೀಚರ್?" ಎಂದಳು. ಬೇಡ ಎನ್ನಲಿಲ್ಲ, ಆದ್ದರಿಂದ ಹೋಗಬಹುದು. ಶಾಲು ಹೊದ್ದವರ ಜಾಣ ಮಾತನ್ನು ಅವಳು ಒಪ್ಪಿಗೆಯೆಂದು ಮನೆಗೆ ಒಯ್ದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಭಟ್ಟರು ಹೋದರು. ಮಳೆಗಾಲ ಮುಗಿಯುವ ಮೊದಲೇ ಸುದ್ದಿ ಬಂತು. ಶಿಬಿರದ ಅಡುಗೆಮನೆಯ ಮೇಲೆ ಶೆಲ್ ಬಿದ್ದಿತ್ತು. ಏಜೆಂಟನ ಫೋನ್ ಬಂದ್ ಆಗಿತ್ತು. ದೇಹ ಊರಿಗೆ ಬರುವಷ್ಟರಲ್ಲಿ ಅಕ್ಕನ ಕಣ್ಣೀರು ಬತ್ತಿ ಹೋಗಿತ್ತು.

ಮೇಡಂ ಸುಮ್ಮನೆ ಕೂರುವವರಲ್ಲ. ನನ್ನನ್ನೂ ಎಳೆದುಕೊಂಡು ಆ ಪ್ರಾಧ್ಯಾಪಕರ ಕೋಣೆಗೆ ಹೋದರು. ಅಂದು ಚೀಟಿ ಬರೆದವಳ ಗಂಡ ಹೀಗೆ ಸತ್ತ ಎಂದು ಹೇಳಿದರು. ಅವರು ಕನ್ನಡಕ ತೆಗೆದು, ಆಸಕ್ತಿಯಿಂದ ಕೇಳಿ, ಕೊನೆಗೆ ಹೇಳಿದ್ದಿಷ್ಟು: "ಒಳ್ಳೇ ಮಾಹಿತಿ ಕೊಟ್ರಿ ಮೇಡಂ. ನನ್ನ ಮುಂದಿನ ಪ್ರಬಂಧದಲ್ಲಿ ಸೇರಿಸ್ಕೋತೀನಿ."

ಥೂ! ಮನುಷ್ಯನೊಬ್ಬ ಸತ್ತಿದ್ದಾನೆ ಎಂದರೆ ಈತನಿಗೆ ಅದು ಮಾಹಿತಿ. ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಟರು. ಮೆಟ್ಟಿಲಿಳಿಯುವಾಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಯಾವ ವಿಚಾರಸಂಕಿರಣಕ್ಕೂ ಕಾಲಿಡಲಿಲ್ಲ. ಪ್ರಬಂಧ ಮಂಡಿಸದವರಿಗೆ ಬಡ್ತಿ ಎಲ್ಲಿಂದ ಬರಬೇಕು? ಅವರಿಗಿಂತ ಕಿರಿಯರು ವಿಭಾಗದ ಮುಖ್ಯಸ್ಥರಾದರು. ಮೇಡಂ ಉಪನ್ಯಾಸಕಿಯಾಗಿಯೇ ನಿವೃತ್ತರಾದರು. ಪ್ರಾಧ್ಯಾಪಕರು ಮಾತ್ರ ಅದೇ ಯುದ್ಧದ ಬಗ್ಗೆ ಇನ್ನೂ ಎಷ್ಟೋ ಶಾಲು ಹೊದ್ದರು.

ಕಳೆದ ವರ್ಷ ಮೇಡಂ ತೀರಿಕೊಂಡರು. ಕಾಯಿಲೆ ಬಹಳ ದಿನ ಸತಾಯಿಸಿತ್ತು. ಅಕ್ಕನಿಗೆ ಇದು ತಿಳಿದಿರಲಿಕ್ಕಿಲ್ಲ ಅನಿಸಿ, ಮೊನ್ನೆ ಭಾನುವಾರ ಅಂಬರನಾಥಕ್ಕೆ ಹೋದೆ. ಸುದ್ದಿ ಕೇಳಿ ಅಕ್ಕ ಬಾಗಿಲ ಬಳಿಯೇ ಕೂತುಬಿಟ್ಟಳು.

"ಅಯ್ಯೋ, ನಾನು ಈ ವಾರ ಅವ್ರ ಹತ್ರವೇ ಹೋಗುವ ಅಂತ ಇದ್ದೆ ಮಾರಾಯ್ರೆ," ಎಂದಳು. "ನನ್ನ ಮೈದುನ ಹೊರಟಿದ್ದಾನೆ. ಅದೇ ದೇಶಕ್ಕೆ. ಈಗೆಲ್ಲ ಸರಿ ಆಗಿದೆ ಅಂತೆ, ಪೇಪರಿನಲ್ಲಿ ದೊಡ್ಡ ದೊಡ್ಡವ್ರು ಬರ್ದಿದ್ದಾರಂತೆ. ಮೇಡಂ ಬೇಡ ಅಂದ್ರೆ ಈ ಸಲ ಅವನ ಕಾಲು ಕಟ್ಟಿಯಾದ್ರೂ ನಿಲ್ಲಿಸ್ತಿದ್ದೆ. ಇನ್ನು ಯಾರನ್ನು ಕೇಳುವುದು?"

ಒಳಗೆ ಮೈದುನ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ. ಕಳಿಸಬೇಡಿ ಅಕ್ಕ ಎಂದೆ. ಅವನಿಗೂ ಕೇಳಲಿ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಬಟ್ಟೆ ಮಡಚತೊಡಗಿದ.