ನಲವತ್ತು ಜಿಬಿ ಖಾಲಿಯಂತೆ!

ಫೋಟೋ ಸ್ಟುಡಿಯೋ ಅಕ್ಕನಿಗೆ ಇಪ್ಪತ್ತು ವರ್ಷದಿಂದ ಒಂದೇ ಅಭ್ಯಾಸ, ಫೋಟೋ ಕಂಪ್ಯೂಟರಿಗೆ ಹಾಕಿದ ತಕ್ಷಣ ಕ್ಯಾಮೆರಾ ಕಾರ್ಡ್ ಅಳಿಸಿಬಿಡೋದು. ಇವತ್ತು ಮದುವೆ ಫೋಟೋ ಹಾಕೋವಾಗ ಕಂಪ್ಯೂಟರಿನ ಫೈಲೆಲ್ಲಾ ತೋರಿಸೋ ಲಿನಕ್ಸ್ ಫೈಲ್ ಮ್ಯಾನೇಜರ್ ಮೂಲೆಯಲ್ಲಿ ನಲವತ್ತು ಜಿಬಿ ಖಾಲಿ ಅಂತಿತ್ತು. ಅವಳ ಬೆರಳು ಆಗಲೇ ಅಳಿಸೋ ಬಟನ್ ಮೇಲಿತ್ತು, ಅಷ್ಟರಲ್ಲಿ ಕಾಪಿ ಅರ್ಧಕ್ಕೇ ನಿಂತು ಜಾಗ ಇಲ್ಲ ಅಂತು!

"ಥೂ! ಇದೆ ಅಂದಿದ್ದೂ ನೀನೇ, ಇಲ್ಲ ಅನ್ನೋದೂ ನೀನೇನಾ?" ಅಂತ ಅಕ್ಕ ಪರದೆಗೇ ಬೈದಳು.

ಪಕ್ಕದಲ್ಲಿದ್ದ ಅವಳ ತಮ್ಮ ಪರದೆ ನೋಡಿ ನಕ್ಕ. "ಅಕ್ಕಾ, ನೀನು ಕಂಪ್ಯೂಟರಲ್ಲಿ ಅಳಿಸಿದ ಹಳೇ ಫೋಟೋ ಎಲ್ಲಾ ಅದರ ಕಸದಬುಟ್ಟಿಯಲ್ಲೇ ಬಿದ್ದಿದೆ ಕಣೆ. ಈ ಫೈಲ್ ಮ್ಯಾನೇಜರ್ ಅದನ್ನ ಲೆಕ್ಕಕ್ಕೇ ಹಿಡಿಯದೆ, ಆ ಜಾಗನೂ ಖಾಲಿ ಅಂತ ತೋರಿಸಿದೆ."

"ಕಸನ ಮಂಚದಡಿ ತಳ್ಳಿ ಮನೆ ಗುಡಿಸಿದೆ ಅನ್ನೋ ಪೈಕಿ! ಇದನ್ನ ನಂಬಿ ಕಾರ್ಡ್ ಅಳಿಸಿದ್ರೆ ಆ ಹುಡುಗಿಗೆ ಇನ್ನೊಂದ್ಸಲ ಮದುವೆ ಮಾಡಿಸ್ತಿತ್ತಾ?"

ಬುಟ್ಟಿ ಖಾಲಿ ಮಾಡಿ, ಮತ್ತೆ ಕಾಪಿ ಹಾಕಿ, ಒಂದೊಂದೇ ಫೋಟೋ ತೆರೆದು ನೋಡಿದ ಮೇಲೆ, ಮುಖ ಕಿವುಚಿಕೊಂಡೇ ಪರದೆಯ ಆ ಮೂಲೆಗೆ ಕಪ್ಪು ಟೇಪ್ ಅಂಟಿಸಿಬಿಟ್ಟಳು.