ಯಮುನಾಳ ಮದುವೆಯ ಆರತಿ

ರಜೆ ಮುಗಿಸಿ ಅವರು ಹೊರಡುವ ಹಿಂದಿನ ದಿನ ಕರು ಕಣ್ಣಿ ಬಿಚ್ಚಿಕೊಂಡು ಹಾಲೆಲ್ಲ ಕುಡಿದುಬಿಟ್ಟಿತ್ತು. ನಾನು ಬೈದೆ. ಅವರು ಹಗ್ಗ ತೆಗೆದುಕೊಂಡು ಹಡಗಿನಲ್ಲಿ ಕಲಿತ ಗಂಟು ಹಾಕಿ ತೋರಿಸಿದರು.

"ಹಡಗನ್ನೇ ಹಿಡಿದು ನಿಲ್ಲಿಸ್ತದೆ. ನಿನ್ನ ಕರು ಯಾವ ಲೆಕ್ಕ ಮಾರಾಯ್ತಿ."

ನನ್ನ ಕೈಯಲ್ಲೂ ಹಾಕಿಸಿದರು. ಮರುದಿನ ಹರಿಹರಪುರದಲ್ಲಿ ಬಸ್ಸು ಹತ್ತಿದರು. ಎಪ್ಪತ್ತೊಂದನೇ ಇಸವಿ ಅದು.

ನನ್ನ ಗಂಡ ಸುಬ್ರಾಯ ನೌಕಾಪಡೆಯಲ್ಲಿ ಎಂಜಿನ್ ಕೆಲಸದವರು. ಆ ಚಳಿಗಾಲ ಯುದ್ಧವಾಯಿತು. ಅವರು ಸಮುದ್ರದಲ್ಲಿ ಕಾಣೆಯಾಗಿದ್ದಾರೆ ಎಂದು ಅವರ ಅಣ್ಣ ತಿಮ್ಮಪ್ಪ ಭಾವ ಹೇಳಿದರು. ಕಾಣೆಯಾದವನಿಗೆ ಸೂತಕವಿಲ್ಲ, ಹನ್ನೆರಡು ವರ್ಷ ಕಾಯಬೇಕು ಎಂದರು. ತಿಂಗಳ ಹಣ ಬರುತ್ತಿತ್ತು. ಕಾಣೆಯಾದವರಿಗೂ ಕೊಡುತ್ತಾರೆ ಎಂದರು. ಸರ್ಕಾರದ ಕಾಗದ ಓದುವಷ್ಟು ನಾನು ಕಲಿತಿರಲಿಲ್ಲ. ನಂಬಿದೆ.

ಮುಂದಿನ ತಿಂಗಳೇ ನಾದಿನಿ ಯಮುನಾಳ ಮದುವೆಯಾಯಿತು. ಮುತ್ತೈದೆ ಎಂದು ಆರತಿ ತಟ್ಟೆಯನ್ನು ನನಗೇ ಕೊಟ್ಟರು. ಮದುಮಗನಿಗೆ ಆರತಿ ಎತ್ತಿದೆ.

ಹನ್ನೆರಡು ವರ್ಷ ತುಂಬಿದ ಮೇಲೆ ಅವರ ದೇಹದ ಬದಲಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟರು. ನಾನು ಕುಂಕುಮ ಅಳಿಸಿದೆ. ಪುರೋಹಿತರು ಹೇಳಿದ ದಿನ ಶ್ರಾದ್ಧ ನಡೆಯುತ್ತಿತ್ತು. ಅದು ಅವರು ಹೋದ ದಿನವಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು. ತಪ್ಪು ದಿನ ಬಡಿಸಿದ ಎಡೆ ಯಾರಿಗೆ ಮುಟ್ಟುತ್ತದೆ?

ಎರಡು ಸಾವಿರದ ನಾಲ್ಕರಲ್ಲಿ, ನರಸಿಂಹರಾಜಪುರದಲ್ಲಿ ಅದೇ ಹಡಗಿನಲ್ಲಿದ್ದ ಮಲ್ಲೇಶಪ್ಪ ಎಂಬವರಿದ್ದಾರೆ ಎಂದು ತಿಳಿಯಿತು. ಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದೆ. ಕಾಣೆಯಾದದ್ದು ಯಾವ ದಿನ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಕಾಣೆ ಅಂತ ಯಾರು ಹೇಳಿದ್ರು ಅಕ್ಕಾ? ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಸುಬ್ರಾಯನ ಹೆಣ ಸಮುದ್ರಕ್ಕೆ ಬಿಡುವಾಗ ನಾನು ಅಲ್ಲೇ ಇದ್ದೆ. ನಿಮ್ಮನೆಗೆ ಹೇಳ್ಲಿಕ್ಕೂ ಬಂದಿದ್ದೆ. ಕಾಫಿ ತಂದುಕೊಟ್ಟವರು ನೀವೇ."

ನೆನಪಾಯಿತು. ತಲೆ ಎತ್ತದೆ ಕಾಫಿ ಕುಡಿದು ಹೋದ ಒಬ್ಬ ಗಂಡಸು. ಮನೆಯಲ್ಲಿ ನೆಂಟರಿದ್ದಾರೆ, ನಿಧಾನವಾಗಿ ನಾನೇ ಹೇಳುತ್ತೇನೆ ಎಂದು ಭಾವ ಅವರನ್ನು ಕಳಿಸಿದ್ದರಂತೆ.

ತಿಥಿ ಕೇಳಿಕೊಂಡೆ. ಮಾರ್ಗಶಿರ ಬಹುಳ ಅಷ್ಟಮಿ.

ಮನೆಗೆ ಬಂದಾಗ ಭಾವ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಎಲ್ಲ ಹೇಳಿದೆ. ಸುಳ್ಳು ಎನ್ನಲಿಲ್ಲ.

"ಸಾವು ಅಂದಿದ್ರೆ ವರ್ಷದವರೆಗೆ ಮದುವೆ ಇಲ್ಲ. ಗಂಡಿನ ಕಡೆಯವರು ಕಾಯ್ತಿರ್ಲಿಲ್ಲ. ಆಮೇಲೆ ಹೇಳುವಾ ಅಂತಿದ್ದೆ. ಆಮೇಲೆ ಹ್ಯಾಗೆ ಹೇಳೂದು?"

"ಆರತಿ ತಟ್ಟೆ ನನ್ನ ಕೈಗೆ ಯಾಕೆ ಕೊಟ್ರಿ ಭಾವ?"

"ಕೊಡದಿದ್ರೆ ಜನ ಕೇಳ್ತಿದ್ರು."

ಯಮುನಾಳಿಗೂ ಗೊತ್ತಿತ್ತಂತೆ. ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ಆ ಮನೆಯಲ್ಲಿ ಮತ್ತೆ ಉಣ್ಣಲಿಲ್ಲ. ನಾನು ಸಾಕಿದ ದನವನ್ನೂ ಅದರ ಕರುವನ್ನೂ ಕರೆದುಕೊಂಡು ಸಿರಿಮನೆ ಊರಿನಲ್ಲಿರುವ ನನ್ನ ತಮ್ಮನ ಮನೆಗೆ ಬಂದೆ. ಈಗ ಶ್ರಾದ್ಧ ಅಷ್ಟಮಿಯಂದೇ. ಭಾವನಿಗೆ ಊಟಕ್ಕೆ ಹೇಳಿಕೆಯಿಲ್ಲ. ಯಮುನಾಳಿಗೂ ಇಲ್ಲ.

ಬೆಳಿಗ್ಗೆ ಹಾಲು ಕರೆಯುವ ಮೊದಲು ಕರುವನ್ನು ಆ ಗಂಟು ಹಾಕಿ ಕಟ್ಟುತ್ತೇನೆ. ಒಮ್ಮೆ ಎಳೆದು ನೋಡುತ್ತೇನೆ. ಆಮೇಲೆ ಚೊಂಬು ಹಿಡಿದು ಕೂರುತ್ತೇನೆ.