ಅವ್ವ ಕಾಸಿದ ಚೀಸ್

ಕಳೆದ ತಿಂಗಳು ಮಗಳು ಬ್ರೆಡ್ಡಿನ ನಡುವೆ ಚೀಸ್ ಇಟ್ಟು ಹಂಚಿನ ಮೇಲೆ ಬಿಸಿ ಮಾಡುತ್ತಿದ್ದಳು. ಕಣ್ಣು ಮೊಬೈಲಿನಲ್ಲಿತ್ತು. ಚೀಸ್ ಅಂಚಿನಿಂದ ಇಳಿದು ಹಂಚಿಗೆ ಹತ್ತಿಕೊಂಡು ಕಪ್ಪಗಾಯಿತು. ಹಾಲು ಸೀದಂಥದೇ ವಾಸನೆ, ಅದಕ್ಕಿಂತ ತುಸು ಉಪ್ಪು ಉಪ್ಪು. ಬಯ್ಯಲೆಂದು ಅಡುಗೆಮನೆಗೆ ಹೋದವಳು ಬಯ್ಯುವುದನ್ನೇ ಮರೆತು ನಿಂತೆ. ಇಪ್ಪತ್ತು ವರ್ಷಗಳ ಹಿಂದೆ ಗಜೇಂದ್ರಗಡದ ನಮ್ಮ ಮನೆಯಲ್ಲಿ ಇದೇ ವಾಸನೆ ಎದ್ದಿತ್ತು. ತಪ್ಪು ಅವ್ವನದು. ಅವ್ವನಿಗಿಂತ ಹೆಚ್ಚು ನನ್ನದು.

ನಮ್ಮ ಮನೆಗೆ ಗೋಡೆ ಹಂಚಿಕೊಂಡಿದ್ದ ಮನೆ ಚಾಚಾನದು. ಸಂಬಂಧದ ಚಾಚಾ ಅಲ್ಲ, ಓಣಿಯ ಚಿಕ್ಕವರೆಲ್ಲ ಹಾಗೆ ಕರೆಯುತ್ತಿದ್ದೆವು. ಕುವೈತಿನಲ್ಲಿ ಯಾವುದೋ ಕಂಪನಿಯ ಮೆಸ್ಸಿನಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿ, ಕರಾರು ಮುಗಿದು ಊರಿಗೆ ಬಂದಿದ್ದರು. ಬಂದವರು ಅಣ್ಣನ ಬಳೆ ಅಂಗಡಿಯಲ್ಲಿ ಕೂತರು. ಇಡೀ ಕುರಿಯನ್ನು ಒಬ್ಬರೇ ಕತ್ತರಿಸಿ ಬೇಯಿಸಬಲ್ಲ ಆ ಕೈಗೆ ಬಳೆ ತೊಡಿಸುವುದು ಒಗ್ಗಲಿಲ್ಲ. ಡಜನ್ನಿಗೆ ನಾಲ್ಕು ಒಡೆಯುತ್ತಿದ್ದವು, ಹೆಂಗಸರು ಬಯ್ಯುತ್ತಿದ್ದರು. ಸಂಜೆ ಮನೆಗೆ ಬರುವಾಗ ಮುಖ ಸಪ್ಪಗಿರುತ್ತಿತ್ತು.

ಶುಕ್ರವಾರ ಮಾತ್ರ ಬೇರೆಯೇ ಮನುಷ್ಯ. ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಲುಂಗಿಯ ಮೇಲೆ ಮೆಸ್ಸಿನ ಬಿಳಿ ಏಪ್ರನ್ ಕಟ್ಟಿಕೊಂಡು, ಹಿತ್ತಲಿನಲ್ಲಿ ಸೀಮೆಎಣ್ಣೆಯ ಸ್ಟೋವ್ ಹೊತ್ತಿಸುತ್ತಿದ್ದರು. ಆಗ ಸ್ಯಾಂಡ್‌ವಿಚ್ ತಯಾರಾಗುತ್ತಿತ್ತು. ನಮ್ಮ ಕಡೆ ದೊಡ್ಡದು ಎಂದಷ್ಟೇ ಕರೆಯುವ ದನದ ಮಾಂಸವನ್ನು, ಎಲುಬಿಲ್ಲದ್ದನ್ನೇ ಆರಿಸಿ ತಂದು, ಉಪ್ಪು, ಕರಿಮೆಣಸು, ಬೆಳ್ಳುಳ್ಳಿ ಹಾಕಿ ಬೆಳಿಗ್ಗೆಯೇ ಸಣ್ಣ ಉರಿಯಲ್ಲಿ ಇಟ್ಟಿರುತ್ತಿದ್ದರು. ಅದು ಎಳೆ ಎಳೆಯಾಗಿ ಬಿಡಬೇಕು. ಬಿಟ್ಟದ್ದನ್ನು ಉಳ್ಳಾಗಡ್ಡಿಯ ಜೊತೆ ಹಂಚಿನ ಮೇಲೆ ಹುರಿಯುವುದು. ಬ್ರೆಡ್ಡಿನ ಹೊರಮೈಗೆ ಬೆಣ್ಣೆ, ಒಳಗೆ ತುರಿದ ಚೀಸ್, ಮೇಲೆ ಮಾಂಸ, ಅದರ ಮೇಲೆ ಮತ್ತೆ ಚೀಸ್. ಎರಡು ಕಡೆಯೂ ಚೀಸ್ ಇದ್ದರೇ ಎರಡೂ ಬ್ರೆಡ್ಡು ಹಿಡಿದುಕೊಳ್ಳುತ್ತವಂತೆ. ಹಂಚಿನ ಬದಿಗೆ ನಾಲ್ಕು ಹನಿ ನೀರು ಚಿಮುಕಿಸಿ ಸ್ಟೀಲಿನ ಬುಟ್ಟಿಯನ್ನು ಬೋರಲು ಮುಚ್ಚುತ್ತಿದ್ದರು. ಚುಂಯ್ ಎನ್ನುವ ಸದ್ದು ನಿಂತ ಮೇಲೆಯೇ ತೆಗೆಯುವುದು.

"ಲಗೂ ತಗದ್ರ ಚೀಸು ಕರಗೂದಿಲ್ಲ, ತಡಾ ಮಾಡಿದ್ರ ಬ್ರೆಡ್ಡು ಹೊತ್ತತೈತಿ. ನಿಮ್ಮ ಸಾಲ್ಯಾಗ ಇದನ್ನ ಕಲಸ್ತೀರೇನ್ರಿ ಅಕ್ಕೋರ?" ಎಂದು ನನ್ನನ್ನು ಕೆಣಕುತ್ತಿದ್ದರು. ನಾನಾಗ ನರೇಗಲ್ಲಿನ ಶಾಲೆಯಲ್ಲಿ ಹೊಸದಾಗಿ ಶಿಕ್ಷಕಿಯಾಗಿದ್ದೆ.

ನಮ್ಮದು ಮಾಂಸ ತಿನ್ನದ ಮನೆ. ಅದಕ್ಕೆ ಚಾಚಾ ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಗೋಡೆಯ ಮೇಲಿಂದ ಕೂಗಿ ನಮ್ಮ ಹಂಚು, ನಮ್ಮ ಚಾಕು, ನಮ್ಮ ತಾಟು ತರಿಸಿಕೊಂಡು, ಕೈ ತೊಳೆದು, ಮೊದಲು ನಮಗೆ ಬರೀ ಚೀಸಿನದು ಮಾಡಿ ಕೊಡುತ್ತಿದ್ದರು. ಆಮೇಲೆ ಅವರ ಹಂಚು ಸ್ಟೋವ್ ಏರುತ್ತಿತ್ತು. ಅವ್ವ ಒಂದು ತುತ್ತು ತಿಂದು, ರಬ್ಬರಿಗೆ ಉಪ್ಪು ಹಚ್ಚಿದಂತಿದೆ ಎಂದು ನನ್ನ ಕಿವಿಯಲ್ಲಿ ಹೇಳಿ, ಚಾಚಾನ ಎದುರು ಭಾಳ ಚಲೋ ಆಗೇತಿ ಅನ್ನುತ್ತಿದ್ದಳು.

ಒಂದು ಸಲ ಆ ಮೆಸ್ಸಿನ ಹಳೆಯ ಸೂಪರ್‌ವೈಸರ್ ರಜೆಯಲ್ಲಿ ರೋಣದ ತಮ್ಮ ಮನೆಗೆ ಬಂದಿದ್ದರು. ಕುವೈತಿನ ಮೆಸ್ಸಿನಲ್ಲಿ ಒಂದು ಜಾಗ ಖಾಲಿಯಿತ್ತು. ಶುಕ್ರವಾರ ಊಟಕ್ಕೆ ಬರುತ್ತೇನೆ, ಅದೇ ಸ್ಯಾಂಡ್‌ವಿಚ್ ಮಾಡಿ ತೋರಿಸು, ಕೈ ಮೊದಲಿನಂತೆಯೇ ಇದ್ದರೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದರು. ಚಾಚಾ ಓಣಿಯಲ್ಲಿ ಇದ್ದಬದ್ದವರಿಗೆಲ್ಲ ಸುದ್ದಿ ಹೇಳಿದರು. ಅವರ ಹೆಂಡತಿ ಚಾಚಿ ಮಾತ್ರ ಅವ್ವನ ಹತ್ತಿರ ಒಂದೇ ಮಾತು ಹೇಳಿದ್ದಳು.

"ಒಂಬತ್ತ ವರ್ಷ ಫೋನಿನ್ಯಾಗ ಸಂಸಾರ ಮಾಡೀನ್ರಿ ವೈನಿ. ಈಗಷ್ಟ ಮನಿಯಾಗ ಒಂದ ಗಂಡಸಿನ ಧ್ವನಿ ಕೇಳಾಕತ್ತೇತಿ."

ನಾನೂ ಅಲ್ಲೇ ಇದ್ದೆ, ಕೇಳಿಸಿಕೊಂಡೆ. ಗಂಡ ದೂರ ಹೋಗುವಾಗ ಹೆಂಡತಿಯಾದವಳು ಆಡುವ ಮಾತೇ ಎಂದು ಸುಮ್ಮನಾದೆ.

ಸೋಮವಾರ ಚಾಚಾ ಹುಬ್ಬಳ್ಳಿಯಿಂದ ಯಾರದೋ ಕೈಯಲ್ಲಿ ಚೀಸಿನ ಗಟ್ಟಿ ತರಿಸಿದರು. ಓಣಿಯಲ್ಲಿ ಫ್ರಿಜ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ನನ್ನ ಕೈಗೆ ಕೊಟ್ಟು, "ಇದು ಬರೇ ಹಾಲಿಂದರಿ ಅಕ್ಕೋರ, ಏನೂ ಮುಟ್ಟಿಸಿಲ್ಲ. ಶುಕ್ರವಾರ ಒಯ್ತೀನಿ" ಎಂದರು. ನನಗೆ ಬಸ್ಸಿನ ಹೊತ್ತಾಗಿತ್ತು. ಒಳಗಿಟ್ಟು, "ಚಾಚಾಂದ ಐತಿ" ಎಂದಷ್ಟೇ ಅವ್ವನಿಗೆ ಹೇಳಿ ಓಡಿದೆ.

ಅವ್ವನ ತುಪ್ಪಕ್ಕೆ ಓಣಿಯಲ್ಲಿ ಹೆಸರಿತ್ತು. ಹತ್ತು ಮನೆಯವರು ತಮ್ಮ ಬೆಣ್ಣೆ ತಂದು ಅವ್ವನ ಕೈಲಿ ಕಾಸಿಸಿಕೊಂಡು ಹೋಗುತ್ತಿದ್ದರು. ಬೆಣ್ಣೆ ಇಟ್ಟು ಹೋಗಿ ಮರೆತುಬಿಡುವುದೂ ಹೊಸದಲ್ಲ. ಬ್ರೆಡ್ಡಿನೊಳಗೆ ಕರಗಿದ ಚೀಸನ್ನಷ್ಟೇ ಕಂಡಿದ್ದ ಅವ್ವ ಗುರುವಾರ ಫ್ರಿಜ್ ಒರೆಸುವಾಗ ಬಟ್ಟೆ ಬಿಚ್ಚಿ ನೋಡಿದಳು. ಹಳದಿಗೆ ತಿರುಗಿದೆ, ಗಟ್ಟಿಯಾಗಿದೆ, ಹುಳಿ ವಾಸನೆ ಬೇರೆ. ಪಾಪ, ಬೆಣ್ಣೆ ಕೆಡುತ್ತಿದೆ ಎಂದುಕೊಂಡು ಬೋಗುಣಿಗೆ ಹಾಕಿ ಒಲೆಯ ಮೇಲಿಟ್ಟು, ರೂಢಿಯಂತೆ ಒಂದು ವೀಳ್ಯದೆಲೆಯನ್ನೂ ಹಾಕಿದಳು.

ನಾನು ಶಾಲೆಯಿಂದ ಬಂದಾಗ ಮನೆ ತುಂಬ ಸೀದ ವಾಸನೆ. ಅವ್ವ ಸೌಟು ಹಿಡಿದು ಬೆವರುತ್ತಿದ್ದಳು.

"ಇದೇನ ಬೆಣ್ಣೀನ ಇವರದು! ಒಂದು ತಾಸಾತು, ತಿಳೀನ ಬಿಡವಲ್ದು. ಸೌಟು ಎತ್ತಿದ್ರ ಹಗ್ಗಾದಂಗ ಬರತೈತಿ."

ನಾನು ಹಣೆ ಚಚ್ಚಿಕೊಂಡೆ. ವಿಷಯ ತಿಳಿದು ಅವ್ವ ನೆಲಕ್ಕೆ ಕೂತುಬಿಟ್ಟಳು. ಚಾಚಾ ಬಂದು ಬೋಗುಣಿ ನೋಡಿದರು. ಅಂಟಿಕೊಂಡಿದ್ದ ವೀಳ್ಯದೆಲೆಯನ್ನು ಎರಡು ಬೆರಳಲ್ಲಿ ಎಳೆದರು, ಅದು ಬರಲಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಚಾಚಿ ಮಾತ್ರ ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದೊಂದೇ ಸಲ ನೋಡಿದ್ದು...

"ಹೋಗ್ಲಿ ಬಿಡ್ರಿ ವೈನಿ, ಅಳಬ್ಯಾಡ್ರಿ. ಆಗೂದು ಆತು," ಎಂದು ಅವ್ವನಿಗೆ ತಾನೇ ಚಹಾ ಮಾಡಿ ತಂದಳು. ಎಂಥ ದೊಡ್ಡ ಮನಸ್ಸು ಎಂದು ಅವ್ವ ಮತ್ತಷ್ಟು ಅತ್ತಳು.

ಮರುದಿನ ಶಾಲೆಗೆ ರಜೆ ಹಾಕಿ, ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಗದಗಕ್ಕೆ ಹೋದೆ. ಬಾಗಿಲು ತೆಗೆಯದ ಅಂಗಡಿಗಳ ಮುಂದೆ ಕಾದು, ಮೂರು ಬೇಕರಿ ತಿರುಗಿ, ನಾಲ್ಕನೆಯದರಲ್ಲಿ ಚೀಸ್ ಸಿಕ್ಕಿತು. ಮೆತ್ತಗಾಗದಿರಲಿ ಎಂದು ಒದ್ದೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ನರೇಗಲ್ಲಿನಲ್ಲಿ ಬಸ್ಸು ನಿಂತಾಗ ಹೆಡ್‌ಮಾಸ್ತರರ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿ ಕೂತಿದ್ದೆ. ಮಧ್ಯಾಹ್ನದ ನಮಾಜಿಗೆ ಮೊದಲೇ ಚಾಚಾನ ಕೈಗೆ ಕೊಟ್ಟೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಚಾಚಿ ಬಾಗಿಲಲ್ಲಿ ನಿಂತಿದ್ದಳು. ನೋಡಿ ಒಳಗೆ ಹೋದಳು.

ಸೂಪರ್‌ವೈಸರ್ ಬಂದರು, ಎರಡು ತಿಂದರು. ಚೀಸು ಅವರ ಬಾಯಿಂದ ತಾಟಿನವರೆಗೆ ಎಳೆ ಎಳೆಯಾಗಿ ಬಂದದ್ದನ್ನು ನಾನೂ ಅವ್ವನೂ ಗೋಡೆಯ ಈಚೆಯಿಂದ ನೋಡಿದೆವು. "ಕೈ ಮರತಿಲ್ಲ ನೀವು. ಪಾಸ್‌ಪೋರ್ಟ್ ಕೊಡ್ರಿ" ಎಂದರು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಎರಡು ತಿಂಗಳಿಗೆ ಚಾಚಾ ಹೋದರು. ಮೊದಮೊದಲು ಫೋನಿನಲ್ಲಿ ನಮ್ಮನ್ನೂ ಕೇಳುತ್ತಿದ್ದರು. ಮರುವರ್ಷ ಬೇಸಿಗೆಯಲ್ಲಿ, ಮೆಸ್ಸಿನ ಅಡುಗೆಮನೆಯಲ್ಲೇ ಎದೆನೋವು ಬಂದು ತೀರಿಕೊಂಡರು. ದೇಹ ತರಿಸಲು ತಿಂಗಳುಗಟ್ಟಲೆ ಆಗುತ್ತದೆ ಎಂದರಂತೆ, ಮಣ್ಣು ಅಲ್ಲಿಯೇ ಆಯಿತು. ಚಾಚಿ ಆ ಜಾಗವನ್ನು ಇಂದಿಗೂ ನೋಡಿಲ್ಲ.

ನಾನು ಮದುವೆಯಾಗಿ ನರಗುಂದಕ್ಕೆ ಬಂದೆ. ಅವ್ವ ಹೋದ ಮೇಲೆ ಗಜೇಂದ್ರಗಡಕ್ಕೆ ಹೋಗುವುದು ಕಡಿಮೆಯಾಗಿತ್ತು. ಮಗಳು ಚೀಸ್ ಸೀಯಿಸಿದ ಮರುವಾರ ಯಾಕೋ ತಡೆಯಲಾಗದೆ ಹೋದೆ. ಚಾಚಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಧ್ವನಿಯಿಂದಲೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಗಿಸಬೇಕೆಂದು ನಾನೇ ಆ ಬೋಗುಣಿಯ ಕಥೆ ತೆಗೆದೆ. ಅವಳು ನಗಲಿಲ್ಲ. ನನ್ನ ಕೈ ಹಿಡಿದುಕೊಂಡೇ ಮೆತ್ತಗೆ ಹೇಳಿದಳು.

"ನಿಮ್ಮವ್ವ ಅವತ್ತ ಚೀಸು ಕೆಡಸಿದ್ದು ನೋಡಿ, ದೇವರು ನನ್ನ ಮಾತು ಕೇಳ್ಯಾನ ಅನಿಸಿತ್ತು. ನೀ ಗದಗಕ್ಕ ಹೋಗಬಾರದಿತ್ತವ್ವಾ."

ಸಿಟ್ಟಿನಿಂದ ಹೇಳಿದ್ದಲ್ಲ. ಹೇಳಿದ ಮೇಲೂ ಕೈ ಬಿಡಲಿಲ್ಲ, ಉಂಡು ಹೋಗು ಎಂದಳು. ಉಂಡೆ. ಇಪ್ಪತ್ತು ವರ್ಷ ಆ ಗದಗಿನ ಪ್ರಯಾಣವನ್ನು ನಾನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ, ಒಬ್ಬರ ಬದುಕಿಗೆ ದಾರಿ ಮಾಡಿಕೊಟ್ಟೆ ಎಂದು. ಇನ್ನು ಹೇಳಲಾರೆ.